ಮಾಗಿ ಚಳಿಯಲ್ಲಿ ಕೊರವ ಮೀನಿಗೆ ನಿಧಾನದ ಗಾಳ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಮಳೆಗಾಲವಿಡೀ ರಬ್ಬರ್ ಕಪ್ಪೆ ಎಸೆದು ಕೊರವ ಹಿಡಿದವರೂ ದೀಪಾವಳಿ ಕಳೆದ ಮೇಲೆ ಬರಿಗೈಲಿ ಮನೆಗೆ ಬರುತ್ತಾರೆ. ಮೀನು ಎಲ್ಲಿಗೂ ಹೋಗಿರುವುದಿಲ್ಲ. ಅಟ್ಟಿಸಿಕೊಂಡು ಹೋಗುವ ಹುರುಪು ಮಾತ್ರ ಕಡಿಮೆಯಾಗಿರುತ್ತದೆ. ಅಮೆರಿಕದ ಚಳಿನೀರಿನಲ್ಲಿ ಬಾಸ್ ಮೀನಿಗೆಂದು ಬೆಳೆದ ಫಿನೆಸ್ ವಿದ್ಯೆ, ಎಂದರೆ ಚಿಕ್ಕ ರಬ್ಬರ್ ಹುಳ, ಹಗುರ ತೂಕ, ಸಣ್ಣ ದಾರ, ಬಹಳ ನಿಧಾನದ ಎಳೆತ, ಇಲ್ಲಿನ ಕೊರವನಿಗೂ ಒಗ್ಗುತ್ತದೆ. ಆದರೆ ಇದ್ದ ಹಾಗೇ ಎತ್ತಿ ತಂದರೆ ಒಗ್ಗದು. ಎಲ್ಲಿ ಬದಲಿಸಬೇಕು ಎಂಬುದೇ ಮುಂದಿನ ಉತ್ತರಗಳ ತಿರುಳು.

ಬಾಸ್ ನಮ್ಮ ಕೆರೆಗಳಲ್ಲಿ ಸಿಗುತ್ತದೆಯೇ?

ಇಲ್ಲ. ಲಾರ್ಜ್‌ಮೌತ್, ಸ್ಮಾಲ್‌ಮೌತ್ ಎರಡೂ ಉತ್ತರ ಅಮೆರಿಕದ ಮೂಲದವು. ಗಿಡದ ಮರೆಯಲ್ಲಿ ಕೂತು, ಹತ್ತಿರ ಬಂದದ್ದನ್ನು ಬಾಯಿ ತೆರೆದು ನುಂಗುವ ಸ್ವಭಾವದಲ್ಲಿ ಅದಕ್ಕೆ ನಮ್ಮಲ್ಲಿ ಸಮನಾದದ್ದು ಕೊರವ. ಗಡಿ ಊರುಗಳಲ್ಲಿ ಕೊರಮೀನು ಎನ್ನುತ್ತಾರೆ, ಗಾಳದ ಅಂಗಡಿಯಲ್ಲಿ ಮುರ್ರೆಲ್ ಎಂದರೆ ತಿಳಿಯುತ್ತದೆ.

ಒಂದು ವ್ಯತ್ಯಾಸ ಬಹಳ ಮುಖ್ಯ. ಬಾಸ್ ನೀರಿನಲ್ಲೇ ಉಸಿರಾಡುತ್ತದೆ, ಹಾಗಾಗಿ ಚಳಿಯಲ್ಲಿ ಅದರ ಸುಳಿವೇ ಸಿಗುವುದಿಲ್ಲ. ಕೊರವ ಗಾಳಿ ಕುಡಿಯಲು ಮೇಲೆ ಬರಲೇಬೇಕು. ನೀರು ತಣ್ಣಗಿದ್ದಾಗ ಬರುವುದು ಅಪರೂಪವಾಗುತ್ತದೆ, ಆದರೆ ಬಂದೇ ಬರುತ್ತದೆ. ಅಂದರೆ ನೀವು ಸುಮ್ಮನೆ ಕೂತಿದ್ದರೆ ಮೀನು ತಾನೇ ತನ್ನ ವಿಳಾಸ ಹೇಳುತ್ತದೆ.

ನಮ್ಮ ಕಡೆ ಎಲ್ಲಿಯ ಚಳಿ? ಮೀನಿಗೆ ತಾಗುವಷ್ಟು ಇರುತ್ತದೆಯೇ?

ಬಾಸ್ ಹಿಡಿಯುವವರು ಚಳಿನೀರು ಎನ್ನುವುದು 10 ಡಿಗ್ರಿ ಸೆಲ್ಸಿಯಸ್ ಆಸುಪಾಸನ್ನು. ನಮ್ಮ ಕೆರೆ ಎಂದೂ ಅಷ್ಟು ತಣ್ಣಗಾಗುವುದಿಲ್ಲ. ಆದರೆ ಕೊರವ ಬಿಸಿನೀರಿನ ಮೀನು, 25ರಿಂದ 30 ಡಿಗ್ರಿಯಲ್ಲಿ ಚುರುಕು. ಮೀನಿನ ಮೈ ನೀರಿನಷ್ಟೇ ಬಿಸಿ ಇರುತ್ತದೆ. ನೀರು ತಣಿದರೆ ಜೀರ್ಣಶಕ್ತಿ ಕುಗ್ಗಿ ಹಸಿವೂ ತಗ್ಗುತ್ತದೆ. ಅದಕ್ಕೇ ಡಿಸೆಂಬರ್, ಜನವರಿಯಲ್ಲಿ ಅಂಗೈ ಉದ್ದದ ಕಪ್ಪೆಯನ್ನು ನೋಡಿಯೂ ಸುಮ್ಮನಿರುವ ಮೀನು, ಮೂತಿಯ ಮುಂದೆ ಬಿದ್ದ ಕಿರುಬೆರಳಿನಷ್ಟು ಹುಳವನ್ನು ಬಾಯಿಗೆ ಹಾಕಿಕೊಳ್ಳುತ್ತದೆ.

ಅಂಕಿಗಿಂತ ಬದಲಾವಣೆ ದೊಡ್ಡದು. ನಾಲ್ಕು ದಿನ ಒಂದೇ ಸಮನೆ ಚಳಿ ಇದ್ದರೆ ಮೀನು ಹೊಂದಿಕೊಳ್ಳುತ್ತದೆ. ಮೋಡ ಕರಗಿ, ಒಂದೇ ರಾತ್ರಿಗೆ ಚಳಿ ಏರಿದ ಮರುದಿನ ಬೆಳಗ್ಗೆ ಹೋದರೆ ದಿನ ಹಾಳು. ಅಕ್ವೇರಿಯಂ ಅಂಗಡಿಯ ಥರ್ಮಾಮೀಟರ್ ಒಂದು ಚೀಲದಲ್ಲಿರಲಿ. ದಂಡೆಯಲ್ಲಿ ಒಂದು ಅಡಿ ಆಳದಲ್ಲಿ ಎರಡು ನಿಮಿಷ ಇಟ್ಟು ನೋಡಿ. 22ಕ್ಕಿಂತ ಕಡಿಮೆ ಇದ್ದರೆ ಈ ಪುಟದಲ್ಲಿರುವ ನಿಧಾನ ಬೇಕೇ ಬೇಕು. 25 ದಾಟಿದ್ದರೆ ಕಪ್ಪೆಯನ್ನೇ ಎಸೆದು ನೋಡಬಹುದು.

ಎಷ್ಟು ಹೊತ್ತಿಗೆ ಹೋಗಬೇಕು?

ನಸುಕಿನಲ್ಲೇ ಹೋಗುವ ರೂಢಿಯನ್ನು ಎರಡು ತಿಂಗಳು ಬಿಡಿ. ರಾತ್ರಿಯಿಡೀ ತಣಿದ ನೀರು ಬೆಳಗಿನ ಜಾವಕ್ಕೆ ಅತ್ಯಂತ ತಣ್ಣಗಿರುತ್ತದೆ. ರೊಟ್ಟಿ ತಿಂದು, ಬಿಸಿಲು ಬೆನ್ನಿಗೆ ಹತ್ತಿದ ಮೇಲೆ ಹೊರಡಿ. ಹತ್ತರಿಂದ ಸಂಜೆ ನಾಲ್ಕೂವರೆಯವರೆಗೆ ಕೆಲಸದ ಹೊತ್ತು, ಅದರಲ್ಲೂ ಒಂದರಿಂದ ಮೂರೂವರೆ ಒಳ್ಳೆಯದು.

ಕೆರೆಯಲ್ಲಿ ಯಾವ ಜಾಗ ಹಿಡಿಯಬೇಕು?

ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಗಾಳಿ ಹೆಚ್ಚಾಗಿ ಮೂಡಣ, ಈಶಾನ್ಯ ದಿಕ್ಕಿನಿಂದ ಬರುತ್ತದೆ. ಹಾಗಾಗಿ ಉತ್ತರ, ಈಶಾನ್ಯ ದಂಡೆಗೆ ಬಿಸಿಲು ನೇರ, ಗಾಳಿಗೆ ಮರೆ. ಮಧ್ಯಾಹ್ನದವರೆಗೆ ಅಲ್ಲಿ ಹುಡುಕಿ. ಬೆಳಗಿನಿಂದ ಮೆಲುಗಾಳಿ ಬೀಸುತ್ತಲೇ ಇದ್ದರೆ ಬೆಚ್ಚಗಾದ ಮೇಲ್ನೀರು ನೈಋತ್ಯ ಮೂಲೆಗೆ ತಳ್ಳಿಕೊಂಡು ಹೋಗುತ್ತದೆ. ಎರಡು ಗಂಟೆಯ ಮೇಲೆ ಆ ಮೂಲೆಗೆ ದಾಟಿಕೊಳ್ಳಿ.

ಆ ದಂಡೆಯಲ್ಲೂ ಎಲ್ಲ ಕಡೆ ಮೀನಿರುವುದಿಲ್ಲ. ನೀರೊಳಗೆ ನಿಂತ ಬಳ್ಳಾರಿ ಜಾಲಿ ಕಂಟಿ, ಆಪಿನ ಜೊಂಡಿನ ಒಳಮೂಲೆ, ಅಂತರಗಂಗೆ ಹಾಸಿನ ಅಂಚು, ಕೆರೆ ಏರಿಯ ಕಲ್ಲುಕಟ್ಟು, ಇವು ನಾಲ್ಕು. ಕಲ್ಲುಕಟ್ಟು ಬಿಸಿಲಿಗೆ ಕಾಯುತ್ತದೆ, ಅದರ ಬುಡದ ನೀರೂ ಸ್ವಲ್ಪ ಬೆಚ್ಚಗಾಗುತ್ತದೆ. ಎರಡರಿಂದ ಐದು ಅಡಿ ನೀರು, ಪಕ್ಕದಲ್ಲೇ ಇಳಿದುಹೋಗಲು ಆಳ, ಇದು ಕೊರವನಿಗೆ ಬೇಕಾದ ಜೋಡಿ. ಹಳೆಯ ಕೆರೆಗಳಲ್ಲಿ ಆ ಆಳ ಸಾಮಾನ್ಯವಾಗಿ ತೂಬಿನ ಮುಂದೆ ಇರುತ್ತದೆ. ಬೆಳಗ್ಗೆ ತೂಬಿನ ಕಡೆಯ ಆಳದ ಅಂಚು, ಮಧ್ಯಾಹ್ನ ತೆಳುನೀರು, ಸಂಜೆ ಮತ್ತೆ ಅಂಚು.

ಇನ್ನು ಮೊದಲ ಇಪ್ಪತ್ತು ನಿಮಿಷ ಏನನ್ನೂ ಎಸೆಯಬೇಡಿ. ನೀರು ನೋಡಿ. ಕೊರವ ಉಸಿರಿಗೆ ಬಂದರೆ ಜಿಲೇಬಿ ಮೀನು ಚಿಮ್ಮಿದ ಹಾಗೆ ಸದ್ದಾಗುವುದಿಲ್ಲ. ಮೊದಲು ಮೂತಿಯ ತುದಿ ನೀರಿನ ಪೊರೆಯನ್ನು ಒಳಗಿನಿಂದ ಒತ್ತಿದಂತೆ ಒಂದು ಸಣ್ಣ ಉಬ್ಬು, ನಂತರ ‘ಗುಳುಕ್’ ಎಂಬ ಒಂದೇ ಸದ್ದು, ತಟ್ಟೆಯಷ್ಟು ಅಗಲದ ಉಂಗುರ, ಮೀನು ಕೆಳಗಿಳಿದ ಮೇಲೆ ಉಂಗುರದ ನಡುವೆ ಒಂದೆರಡು ಗುಳ್ಳೆ. ಅದೇ ಜಾಗದಲ್ಲಿ ಎರಡನೇ ಸಲ ಉಂಗುರ ಎದ್ದರೆ ಮೀನು ಅಲ್ಲೇ ನೆಲೆ ನಿಂತಿದೆ ಎಂದರ್ಥ. ಉಂಗುರದ ಮೇಲೆಯೇ ಎಸೆದರೆ ಬೆದರುತ್ತದೆ. ಏಳೆಂಟು ಅಡಿ ಆಚೆ ಎಸೆದು, ಮೆಲ್ಲಗೆ ಅದರ ದಾರಿಗೆ ತನ್ನಿ.

ಕಾಲುವೆ, ಹಳ್ಳ, ಕೃಷಿ ಹೊಂಡಗಳಲ್ಲಿ?

ಹರಿಯುವ ಮುಖ್ಯ ಕಾಲುವೆ ಬೇಡ. ಸೆಳೆತ ಹೆಚ್ಚು, ಇಳಿಜಾರು ನಯ, ಬಿದ್ದರೆ ಹತ್ತಲಾಗದು, ಅಂಥ ನೀರಲ್ಲಿ ಕೊರವ ನಿಲ್ಲುವುದೂ ಇಲ್ಲ. ನೀರು ನಿಲ್ಲಿಸಿದ ಮೇಲೆ ಉಪಕಾಲುವೆಗಳ ಗೇಟಿನ ಕೆಳಗೆ, ಸೇತುವೆಯ ಕೆಳಗೆ ಉಳಿಯುವ ಮಡುಗಳು ಒಳ್ಳೆಯ ಜಾಗ. ನೀರು ಯಾವಾಗ ನಿಲ್ಲುತ್ತದೆ, ಎರಡನೇ ಬೆಳೆಗೆ ಬಿಡುತ್ತಾರೋ ಇಲ್ಲವೋ ಎಂಬುದು ವರ್ಷ ವರ್ಷಕ್ಕೂ ಬೇರೆ. ತುಂಗಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿಯ ತೀರ್ಮಾನವನ್ನು ಪತ್ರಿಕೆಯಲ್ಲಿ ನೋಡಿಕೊಳ್ಳಿ.

ಸಿಂಧನೂರು, ಕಾರಟಗಿ, ಸಿರುಗುಪ್ಪ ಕಡೆಯ ಹಳ್ಳಗಳಿಗೆ ಭತ್ತದ ಗದ್ದೆಯ ಬಸಿನೀರು ಬರುತ್ತದೆ. ಮೀನು ಧಾರಾಳ, ಆದರೆ ಸುತ್ತ ಗದ್ದೆಗೆ ಔಷಧಿ ಹೊಡೆದ ದಿನಗಳಲ್ಲಿ ಅಲ್ಲಿಯ ಮೀನು ತಿನ್ನಬೇಡಿ. ಕೃಷಿ ಹೊಂಡಕ್ಕೆ ಹೊಲದವರ ಒಪ್ಪಿಗೆ ಬೇಕು.

ರಾಡ್, ರೀಲು, ದಾರ ಏನಿರಬೇಕು?

ಬಾಸ್ ವೀಡಿಯೊ ನೋಡಿ ಬಳುಕುವ ತೆಳು ರಾಡ್ ಕೊಳ್ಳುವುದು ಇಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು. ತೆರೆದ ನೀರಲ್ಲಿ ಅದು ಸಾಕು. ಕೊರವ ಕಚ್ಚಿದ ಕ್ಷಣ ಕಂಟಿಯ ಬುಡಕ್ಕೆ ನುಗ್ಗುತ್ತದೆ, ಅದರ ದವಡೆ ಎಲುಬಿನ ಹಾಗೆ ಗಟ್ಟಿ. ಆರೂವರೆಯಿಂದ ಏಳು ಅಡಿಯ ಮೀಡಿಯಂ ಸ್ಪಿನ್ನಿಂಗ್ ರಾಡ್, ತುದಿ ಮಾತ್ರ ಚುರುಕಾಗಿ ಬಾಗುವಂಥದ್ದು, 5ರಿಂದ 20 ಗ್ರಾಂ ಎಸೆಯುವಂಥದ್ದು ತೆಗೆದುಕೊಳ್ಳಿ. 2500 ಸೈಜಿನ ರೀಲು ಸಾಕು. ಮುಖ್ಯ ದಾರ ಬ್ರೇಡ್, ಎಂದರೆ ಎಳೆಗಳನ್ನು ಹೆಣೆದ ದಾರ. ದಪ್ಪದ ಅಳತೆ ಪಿಇ 1.5, ಸುಮಾರು 30 ಪೌಂಡ್ ತಾಳುವಂಥದ್ದು. ತೆರೆದ ಹೊಂಡವಾದರೆ ಪಿಇ 1. ತುದಿಗೆ ಲೀಡರ್, ಎಂದರೆ ಗಾಳ ಕಟ್ಟುವ ಮೂರು ಅಡಿ ಫ್ಲೋರೋಕಾರ್ಬನ್ ದಾರ, 16ರಿಂದ 20 ಪೌಂಡ್.

ಬ್ರೇಡ್‌ಗೆ ದುಡ್ಡಿಲ್ಲದಿದ್ದರೆ 0.30ರಿಂದ 0.35 ಮಿಲಿಮೀಟರ್ ತಂಗೂಸಿ ದಾರದಲ್ಲೂ ನಡೆಯುತ್ತದೆ. ಆದರೆ ತಂಗೂಸಿ ಹಿಗ್ಗುತ್ತದೆ, ಮೆಲ್ಲಗೆ ಕಚ್ಚಿದ್ದು ಕೈಗೆ ತಿಳಿಯುವುದಿಲ್ಲ. ದಾರವನ್ನು ಕಣ್ಣಿನಿಂದ ಕಾಯಬೇಕು.

ಬ್ರೇಡ್ ಮತ್ತು ಲೀಡರ್ ಕೂಡಿಸಲು ಡಬಲ್ ಯೂನಿ ಗಂಟು ಸಾಕು. ಎಳೆಯುವ ಮುಂಚೆ ಉಗುಳು ಹಚ್ಚಿ ಒದ್ದೆ ಮಾಡಿ, ಒಣ ಗಂಟು ಬಿಗಿಯುವಾಗ ಕಾದು ಬಲ ಕಳೆದುಕೊಳ್ಳುತ್ತದೆ. ಪ್ರತಿ ಮೀನಿನ ನಂತರ ಲೀಡರಿನ ಕೊನೆಯ ಗೇಣುದ್ದವನ್ನು ಬೆರಳ ಸಂದಿಯಲ್ಲಿ ಎಳೆದು ನೋಡಿ. ಕೊರವನ ಹಲ್ಲು ದಾರ ಕತ್ತರಿಸುವುದಿಲ್ಲ, ಅರದಂತೆ ಉಜ್ಜುತ್ತದೆ. ಒರಟು ತಗುಲಿದರೆ ಆ ತುಂಡು ಕತ್ತರಿಸಿ ಮತ್ತೆ ಕಟ್ಟಿ.

ಯಾವ ಹುಳ, ಯಾವ ಜೋಡಣೆ?

ಮೂರು ಕಲಿತರೆ ಚಳಿಗಾಲ ಪೂರ್ತಿ ಸಾಗುತ್ತದೆ.

ಮೊದಲನೆಯದು ನೆಡ್ ರಿಗ್. ಅಮೆರಿಕದ ಕನ್ಸಾಸ್‌ನ ಬರಹಗಾರ ನೆಡ್ ಕೆಹ್ಡೆ ಅವರಿಂದ ಈ ಹೆಸರು. ಅಣಬೆಯ ತಲೆಯಂತೆ ಚಪ್ಪಟೆ ಮುಖದ ಜಿಗ್, ಎಂದರೆ ಸೀಸದ ತಲೆ ಕೂಡಿದ ಗಾಳ, ಅದಕ್ಕೆ ಎರಡೂವರೆಯಿಂದ ಮೂರು ಇಂಚಿನ ಮೋಟು ಹುಳ. ಮನೆಯಲ್ಲಿ ಬಕೆಟ್ ನೀರಿಗೆ ಬಿಟ್ಟು ನೋಡಿದರೆ ಇದರ ಗುಟ್ಟು ಗೊತ್ತಾಗುತ್ತದೆ. ಎಲಾಸ್ಟೊಮರ್ ಎಂಬ, ಬಹಳ ಹಿಗ್ಗುವ, ತೇಲುವ ವಸ್ತುವಿನ ಹುಳವಾದರೆ ಸೀಸದ ತಲೆ ತಳಕ್ಕೆ ಊರಿ ಬಾಲ ನೆಟ್ಟಗೆ ಮೇಲೆ ನಿಲ್ಲುತ್ತದೆ, ಬಕೆಟ್ಟಿಗೆ ಬೆರಳು ತಾಗಿಸಿದರೂ ಬಾಲ ತೂಗುತ್ತದೆ. ನೀವು ಏನೂ ಮಾಡದೆ ಇದ್ದಾಗಲೂ ಅದು ಜೀವ ಇರುವಂತೆ ಕಾಣುತ್ತದೆ. ಉಪ್ಪು ಬೆರೆತ ಸಾಮಾನ್ಯ ರಬ್ಬರ್ ಹುಳ ಅಡ್ಡ ಬೀಳುತ್ತದೆ. ಐದಿಂಚಿನ ಹುಳವನ್ನು ಅರ್ಧಕ್ಕೆ ಕತ್ತರಿಸಿ ಬಳಸಬಹುದು, ನಿಲ್ಲುವ ಗುಣ ಮಾತ್ರ ಸಿಗದು. ಎಲಾಸ್ಟೊಮರ್ ಹುಳವನ್ನು ಬೇರೆ ರಬ್ಬರ್ ಹುಳಗಳ ಜೊತೆ ಒಂದೇ ಡಬ್ಬಿಗೆ ಹಾಕಬೇಡಿ, ಎರಡೂ ಕರಗಿ ಮುದ್ದೆಯಾಗುತ್ತವೆ.

ಕೊಪ್ಪಳ, ಗಂಗಾವತಿ ಕಡೆಯ ಮರಳು, ಗರಸು ತಳದ ಕೆರೆಗೆ 3ರಿಂದ 4 ಗ್ರಾಂ ತಲೆ ಸರಿ. ಎರೆಮಣ್ಣಿನ ಕೆರೆಯಲ್ಲಿ ಇದೇ ತಲೆ ಕೆಸರಿಗೆ ಹೂತುಹೋಗುತ್ತದೆ, ಹುಳವೂ ಮುಚ್ಚಿಹೋಗುತ್ತದೆ. ಗಂಟೆಗಟ್ಟಲೆ ಎಸೆದರೂ ಏನೂ ತಾಗದಿದ್ದರೆ ಮೊದಲು ಜಿಗ್ ತೆಗೆದು ನೋಡಿ, ತಲೆಗೆ ಕರಿಕೆಸರು ಮೆತ್ತಿದ್ದರೆ ಕಾರಣ ಅದೇ. 2 ಗ್ರಾಂಗೆ ಇಳಿಯಿರಿ, ಇಲ್ಲವೇ ಎರಡನೆಯ ಜೋಡಣೆಗೆ ಹೋಗಿ.

ಎರಡನೆಯದು ಡ್ರಾಪ್ ಶಾಟ್. ಇಲ್ಲಿ ಸೀಸ ಕೆಳಗೆ, ಗಾಳ ಮೇಲೆ. 1 ನಂಬರ್ ಗಾಳವನ್ನು ಪಾಲೊಮಾರ್ ಗಂಟಿನಿಂದ ಕಟ್ಟಿ, ಗಂಟಿನ ಬಾಲ ಒಂದೂವರೆ ಅಡಿ ಉಳಿಸಿ, ಆ ಬಾಲವನ್ನು ಗಾಳದ ಕಣ್ಣಿನೊಳಗೆ ಮೇಲಿನಿಂದ ಕೆಳಕ್ಕೆ ಮತ್ತೊಮ್ಮೆ ತೂರಿಸಿ. ಆಗ ಗಾಳ ದಾರಕ್ಕೆ ಅಡ್ಡವಾಗಿ, ಮುಳ್ಳು ಮೇಲ್ಮುಖವಾಗಿ ನಿಲ್ಲುತ್ತದೆ. ಗಾಳದಿಂದ ಒಂದು ಅಡಿ ಕೆಳಗೆ 5 ಗ್ರಾಂ ಕಡ್ಡಿಯಾಕಾರದ ಸೀಸ. ಗುಂಡು ಸೀಸಕ್ಕಿಂತ ಕಡ್ಡಿ ಸೀಸ ಕೆಸರಿನಿಂದ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಮೂರಿಂಚಿನ ಹುಳವನ್ನು ಮೂತಿಗೆ ಚುಚ್ಚಿ. ಸೀಸ ಕೆಸರಲ್ಲಿದ್ದರೂ ಹುಳ ಮೇಲೆ ತೂಗುತ್ತಿರುತ್ತದೆ. ಎರೆಭೂಮಿಯ ಕೆರೆಗಳಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಮೂರನೆಯದು ಕಂಟಿ, ಜೊಂಡಿಗಾಗಿ. ಸೀಸವೇ ಇಲ್ಲದ, ಮುಳ್ಳು ಮುಚ್ಚಿದ ಹುಳ. ಕುತ್ತಿಗೆ ಬಾಗಿದ 3/0 ಆಫ್‌ಸೆಟ್ ಗಾಳ, ನಾಲ್ಕರಿಂದ ಐದಿಂಚಿನ ಉಪ್ಪುಹುಳ. ಐದಿಂಚಿನದು ತಾನೇ 9–10 ಗ್ರಾಂ ತೂಗುವುದರಿಂದ ಸೀಸವಿಲ್ಲದೆ ದೂರ ಹೋಗುತ್ತದೆ. ಮುಳ್ಳಿನ ತುದಿಯನ್ನು ಹುಳದ ಬೆನ್ನಿನ ಸಿಪ್ಪೆಯಡಿ ಸ್ವಲ್ಪವೇ ಅಡಗಿಸಿ. ಹುಳ ನೆಟ್ಟಗಿರಬೇಕು. ಸೊಟ್ಟಗೆ ಚುಚ್ಚಿದರೆ ಬುಗುರಿಯಂತೆ ತಿರುಗಿ ದಾರವೆಲ್ಲ ಮುರಿ ಬೀಳುತ್ತದೆ.

ನಿಧಾನ ಎಂದರೆ ಎಷ್ಟು ನಿಧಾನ?

ನೀವು ಅಂದುಕೊಂಡದ್ದರ ಅರ್ಧ. ಎಸೆದ ಮೇಲೆ ಬೀಳುವಾಗ ‘ಒಂದು, ಎರಡು’ ಎಣಿಸುತ್ತ ಹೋಗಿ. ಒಂದು ಎಣಿಕೆಗೆ ಸುಮಾರು ಒಂದು ಅಡಿ ಇಳಿದರೆ ತೂಕ ಸರಿ. ತಳ ಮುಟ್ಟಿ ದಾರ ಸಡಿಲಾದ ಮೇಲೆ ಹದಿನೈದು ಎಣಿಕೆ ಏನೂ ಮಾಡಬೇಡಿ. ಆಮೇಲೆ ರಾಡ್ ತುದಿಯನ್ನು ಗೇಣುದ್ದ ಎತ್ತಿ, ಇಳಿಸಿ, ಸಡಿಲಾದ ದಾರ ಸುತ್ತಿಕೊಳ್ಳಿ. ಮತ್ತೆ ಹತ್ತು ಎಣಿಕೆ. ಹುಳವನ್ನು ರಾಡಿನಿಂದ ಸರಿಸಬೇಕು, ರೀಲಿನಿಂದಲ್ಲ. ರೀಲು ತಿರುಗಿಸಿದರೆ ಗೊತ್ತಿಲ್ಲದೆಯೇ ವೇಗ ಬರುತ್ತದೆ. ಮೂವತ್ತು ಅಡಿ ತರಲು ಏಳೆಂಟು ನಿಮಿಷ ಹಿಡಿದರೆ ಹದ ಸರಿಯಾಗಿದೆ. ಡ್ರಾಪ್ ಶಾಟ್‌ನಲ್ಲಿ ಸೀಸವನ್ನು ಕದಲಿಸದೆ, ದಾರದ ಸಡಿಲವನ್ನಷ್ಟೇ ನಡುಗಿಸಿ.

ಉಂಗುರ ಕಂಡ ಜಾಗಕ್ಕೆ ಒಂದೆರಡು ಸಲ ಎಸೆದು ಬಿಟ್ಟುಕೊಡಬೇಡಿ. ಚಳಿಯ ಕೊರವ ಅದೇ ಹುಳವನ್ನು ಏಳೆಂಟು ಸಲ ನೋಡಿ ಒಂಬತ್ತನೆಯದಕ್ಕೆ ಬಾಯಿ ಹಾಕಬಹುದು.

ಕಚ್ಚಿದ್ದು ಹೇಗೆ ತಿಳಿಯುತ್ತದೆ? ಮುಳ್ಳು ನಾಟಲು ಯಾವಾಗ ಹೊಡೆತ ಕೊಡಬೇಕು?

ಮಳೆಗಾಲದ ಧಡ್ ಎಂಬ ಹೊಡೆತವನ್ನು ಕಾಯುತ್ತ ಕೂತರೆ ಅರ್ಧ ಮೀನು ಕೈತಪ್ಪುತ್ತದೆ. ರಾಡ್ ತುದಿಯಿಂದ ನೀರಿಗೆ ಇಳಿಯುವ ದಾರ ಗಾಳಿಗೆ ಸ್ವಲ್ಪ ಜೋಲುಬಿದ್ದು ಬಿಲ್ಲಿನಂತಿರುತ್ತದೆ. ಆ ಬಿಲ್ಲನ್ನೇ ನೋಡುತ್ತಿರಿ. ಅದು ಕಾರಣವಿಲ್ಲದೆ ನೆಟ್ಟಗಾದರೆ, ನೀರು ಸೇರುವ ಬಿಂದು ಎರಡು ಬೆರಳಷ್ಟು ಪಕ್ಕಕ್ಕೆ ಸರಿದರೆ, ಐದು ಎಣಿಕೆಗೆ ತಳ ಮುಟ್ಟಬೇಕಾದದ್ದು ಮೂರಕ್ಕೇ ನಿಂತರೆ, ಮೀನಿನ ಬಾಯಲ್ಲಿ ಹುಳವಿದೆ. ಕೆಲವೊಮ್ಮೆ ಎತ್ತಿದಾಗ ಒದ್ದೆ ಗೋಣಿಚೀಲ ಎಳೆದಂಥ ಭಾರ, ಅಷ್ಟೇ.

ನೆಡ್ ಮತ್ತು ಡ್ರಾಪ್ ಶಾಟ್‌ನಲ್ಲಿ ಮುಳ್ಳು ಹೊರಗಿರುವುದರಿಂದ ಜೋರು ಬೇಡ. ಸಡಿಲು ಸುತ್ತಿ, ಭಾರ ತಿಳಿದ ಕೂಡಲೇ ರಾಡನ್ನು ಪಕ್ಕಕ್ಕೆ ಉದ್ದಕ್ಕೆ ಎಳೆಯಿರಿ. ಮುಚ್ಚಿದ ಗಾಳವಾದರೆ ದಾರ ಸರಿದುಹೋಗುವವರೆಗೆ ಎರಡು ಎಣಿಕೆ ಬಿಟ್ಟು, ರಾಡ್ ತಗ್ಗಿಸಿ, ದಾರ ಬಿಗಿಯಾದ ಮೇಲೆ ಬಲವಾಗಿ ಹೊಡೆಯಿರಿ. ಸಡಿಲು ದಾರದ ಮೇಲೆ ಹೊಡೆದ ಏಟು ಮೀನಿಗೆ ತಲುಪುವುದಿಲ್ಲ.

ಕಚ್ಚುತ್ತದೆ, ಆದರೆ ಬಿಟ್ಟುಹೋಗುತ್ತದೆ. ಏಕೆ?

ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ. ಮುಳ್ಳು ಮೊಂಡು: ಉಗುರಿನ ಮೇಲೆ ಎಳೆದಾಗ ಜಾರಿದರೆ ಬದಲಿಸಿ. ಗಾಳದ ತಂತಿ ತೆಳು: ಬಾಸ್‌ಗೆ ಮಾಡಿದ ತೆಳು ನೆಡ್ ಗಾಳವನ್ನು ಎರಡು ಕಿಲೋ ಕೊರವ ಬಿಡಿಸಿ ನೆಟ್ಟಗೆ ಮಾಡಿಬಿಡುತ್ತದೆ. ದಪ್ಪ ತಂತಿಯದು ಸಿಗದಿದ್ದರೆ ಡ್ರ್ಯಾಗ್, ಎಂದರೆ ಮೀನು ಎಳೆದಾಗ ರೀಲು ದಾರ ಬಿಟ್ಟುಕೊಡುವ ಬಿಗಿ, ಸುಮಾರು ಒಂದೂವರೆ ಕಿಲೋಗೆ ಇಡಿ. ಲಗೇಜ್ ತೂಗುವ ಕೈತಕ್ಕಡಿಗೆ ದಾರ ಕಟ್ಟಿ ಎಳೆದು ನೋಡಿದರೆ ಅಳತೆ ಸಿಗುತ್ತದೆ. 3/0 ಗಾಳಕ್ಕೆ ಮೂರು ಕಿಲೋವರೆಗೂ ಬಿಗಿಯಬಹುದು. ಮೂರನೆಯದು ಹುಳದ ಉದ್ದ: ಬಾಲ ಮಾತ್ರ ಹಿಡಿದು ಬಿಡುತ್ತಿದ್ದರೆ ಅರ್ಧ ಇಂಚು ಕತ್ತರಿಸಿ.

ಬಣ್ಣ ಯಾವುದು?

ಎರೆಮಣ್ಣಿನ ಕದಡು ನೀರಿಗೆ ಕಪ್ಪು ಅಥವಾ ಕಡುನೀಲಿ, ತಿಳಿನೀರಿಗೆ ಕಂದು ಹಸಿರು. ಹತ್ತು ಬಣ್ಣ ಕೊಳ್ಳುವ ದುಡ್ಡಿನಲ್ಲಿ ಒಳ್ಳೆಯ ಗಾಳ ಕೊಳ್ಳಿ.

ಪರವಾನಗಿ ಬೇಕೇ? ಎಲ್ಲಿ ಹಿಡಿಯಬಾರದು?

ಕೆರೆಗಳ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ದೊಡ್ಡ ಕೆರೆಗೆ ಮೀನುಗಾರಿಕೆ ಇಲಾಖೆ, ಚಿಕ್ಕದಕ್ಕೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಗುತ್ತಿಗೆದಾರರ ಒಪ್ಪಿಗೆ ಪಡೆಯಿರಿ. ಅದು ಅವರ ಅನ್ನ. ತುಂಗಭದ್ರಾ ಜಲಾಶಯದಲ್ಲೂ ಇಲಾಖೆಯ ಅನುಮತಿ ಕೇಳಿಯೇ ಇಳಿಯಬೇಕು.

ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಆನೆಗುಂದಿಯ ಬಂಡೆಗಳ ನಡುವಿನ ಮಡುಗಳು ಕಣ್ಣಿಗೆ ಎಷ್ಟೇ ಒಳ್ಳೆಯ ಜಾಗವಾಗಿ ಕಂಡರೂ ಗಾಳ ಬೇಡ. ಆ ಮೀನು ನೀರುನಾಯಿಯ ಪಾಲು, ಕಳಚಿಬಿದ್ದ ದಾರ ಅದರ ಕೊರಳಿಗೆ ಉರುಳು.

ಅಪಾಯಗಳೇನು?

ಕೃಷ್ಣೆ, ತುಂಗಭದ್ರೆ ಎರಡರಲ್ಲೂ ಮೊಸಳೆಗಳಿವೆ. ಚಳಿಗಾಲದ ಹಗಲಲ್ಲಿ ಅವೂ ನಿಮ್ಮಂತೆಯೇ ಬಿಸಿಲು ಹುಡುಕಿ ದಂಡೆಗೆ ಬರುತ್ತವೆ. ನದಿಯಲ್ಲಿ ಮೊಣಕಾಲು ನೀರಿಗೂ ಇಳಿಯಬೇಡಿ, ಸಿಕ್ಕಿಕೊಂಡ ಹುಳ ಬಿಡಿಸಲು ಹೋಗಬೇಡಿ, ದಾರ ಕತ್ತರಿಸಿ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇನ್ನೂ ಮೋಸದ್ದು: ಜಾರಿ ಬಿದ್ದರೆ ಈಜು ಬಲ್ಲವರಿಗೂ ಹಿಡಿತ ಸಿಗುವುದಿಲ್ಲ. ಒಬ್ಬರೇ ಹೋಗಬೇಡಿ. ದಂಡೆಯ ಗೂಟಕ್ಕೆ ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟೇ ಎಸೆಯಲು ಶುರು ಮಾಡಿ. ಪಂಪ್‌ಸೆಟ್ಟಿನ ಜೋಲುತಂತಿಗಳ ಕೆಳಗೆ ರಾಡ್ ಎತ್ತಬೇಡಿ, ಕಾರ್ಬನ್ ರಾಡಿನಲ್ಲಿ ಕರೆಂಟ್ ಹರಿಯುತ್ತದೆ.

ಹಿಡಿದ ಮೀನನ್ನು ಬಿಡಬೇಕೆಂದರೆ?

ಮುಳ್ಳಿನ ಕೊಕ್ಕೆಯನ್ನು ಇಕ್ಕಳದಿಂದ ಮೊದಲೇ ಒತ್ತಿಬಿಡಿ. ಒದ್ದೆ ಕೈ, ಒದ್ದೆ ಗೋಣಿಚೀಲದ ಮೇಲೆ ಮೀನು, ಉದ್ದ ಮೂತಿಯ ಇಕ್ಕಳ. ಒಣ ಕಲ್ಲಿನ ಮೇಲೆ ಹೊರಳಾಡಿದರೆ ಮೈಯ ಲೋಳೆ ಕಿತ್ತುಹೋಗಿ ಹುಣ್ಣಾಗುತ್ತದೆ. ಗಾಳಿ ಕುಡಿಯುವ ಮೀನು ಎಂದು ಬಿಸಿಲಲ್ಲಿಟ್ಟು ಫೋಟೊ ತೆಗೆಯುತ್ತ ನಿಲ್ಲಬೇಡಿ. ಮನೆಗೆ ಒಯ್ಯುವುದಾದರೆ ಬಕೆಟ್ ಮುಚ್ಚಿ, ಕೊರವ ಹಾರಿ ಹುಲ್ಲಿನಲ್ಲಿ ತೆವಳಿಕೊಂಡು ನೀರು ಸೇರುತ್ತದೆ. ಕೆಂಪು ಮರಿಗಳ ಗುಂಪು ನೀರ ಮೇಲೆ ಕಂಡರೆ ಅಡಿಯಲ್ಲಿ ತಂದೆತಾಯಿ ಕಾವಲಿರುತ್ತವೆ. ಅದು ಹೆಚ್ಚಾಗಿ ಮಳೆಗಾಲದ ನೋಟ. ಯಾವ ಕಾಲದಲ್ಲಿ ಕಂಡರೂ ಅಲ್ಲಿ ಗಾಳ ಹಾಕಬೇಡಿ, ಕಾವಲು ತಪ್ಪಿದರೆ ಮರಿಗಳು ಬೇರೆ ಮೀನುಗಳ ಬಾಯಿಗೆ ಹೋಗುತ್ತವೆ.

ನಿಧಾನದ ಗಾಳವನ್ನು ಯಾವಾಗ ಬಿಡಬಹುದು?

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಎನ್ನುತ್ತಾರೆ. ನಮ್ಮ ಮೂರು ಜಿಲ್ಲೆಗಳಲ್ಲಿ ಅದಕ್ಕೂ ಮೊದಲೇ ಓಡುತ್ತದೆ. ಸಂಕ್ರಾಂತಿ ಕಳೆದ ಮೇಲೆ ಬೆಳಗಿನ ನೀರು ಸತತ ಮೂರು ದಿನ 24 ಡಿಗ್ರಿ ತೋರಿಸಿದರೆ, ಹತ್ತು ಗಂಟೆಯೊಳಗೇ ಉಂಗುರಗಳು ಮೇಲಿಂದ ಮೇಲೆ ಏಳತೊಡಗಿದರೆ, ರಾಡಿಗೆ ಕಪ್ಪೆ ಕಟ್ಟಿ. ನೆಡ್ ಜಿಗ್ ಎರಡು ಮಾತ್ರ ಜೇಬಿನಲ್ಲಿರಲಿ. ಕಪ್ಪೆಯ ಹಿಂದೆ ನೀರು ಉಬ್ಬಿಸಿಕೊಂಡು ಬಂದು ಕಚ್ಚದೆ ತಿರುಗಿಹೋದ ಮೀನಿಗೆ, ಅದೇ ಜಾಗದಲ್ಲಿ ಆ ಚಿಕ್ಕ ಹುಳವನ್ನು ಇಳಿಬಿಡಿ.